ಜವೆ ಗೋಧಿಯ ಹೆಸರಿನಲ್ಲಿ

ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ ಕ್ರೊಸಾಂ ಮಾಡಲು ಹೊರಟರೆ ಮೊದಲು ಕೈಕೊಡುವುದು ಬೆಣ್ಣೆ. ಹಿಟ್ಟಿನ ಹಾಳೆಯೊಳಗೆ ಬೆಣ್ಣೆಯ ಹಾಳೆ ಇಟ್ಟು ಮಡಚಬೇಕು, ಲಟ್ಟಿಸಬೇಕು, ಮತ್ತೆ ಮಡಚಬೇಕು. ಹೀಗೆ ಮೂರು ಸಲ ಮೂರು ಮಡಿಕೆ ಹಾಕಿದರೆ ಒಳಗೆ 27 ಪದರ ಬೆಣ್ಣೆ ಕೂಡುತ್ತದೆ. ಬೇಯುವಾಗ ಆ ಬೆಣ್ಣೆಯಲ್ಲಿರುವ ನೀರು ಆವಿಯಾಗಿ ಪದರಗಳನ್ನು ಮೇಲೆತ್ತುತ್ತದೆ. ಆದರೆ ಲಟ್ಟಿಸುವಾಗ ಬೆಣ್ಣೆ 13ರಿಂದ 16 ಡಿಗ್ರಿಯ ನಡುವೆ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಚೂರಾಗಿ ಒಡೆಯುತ್ತದೆ, ಬೆಚ್ಚಗಾದರೆ ಹಿಟ್ಟಿಗೆ ಇಳಿದುಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಅಡುಗೆಮನೆಯ ಕಟ್ಟೆ ಮುಟ್ಟಿದರೇ ಬಿಸಿ ಹತ್ತುತ್ತದೆ. ನಾನು ಮಾಡಿದ ಕ್ರೊಸಾಂ ತಮ್ಮದೇ ಬೆಣ್ಣೆಯಲ್ಲಿ ಕರಿದಂತಾಗಿ ತಟ್ಟೆಯ ತಳಕ್ಕೆ ಅಂಟಿದ್ದವು. ಮಗ ಒಂದನ್ನು ಮುರಿದು ಚಹಾದಲ್ಲಿ ಅದ್ದಿ, "ಅವ್ವಾ, ಖಾರಿ ಛಲೋ ಆಗೇತಿ" ಎಂದ. ಅವನು ಮೆಚ್ಚಿಯೇ ಹೇಳಿದ್ದ. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಹೊಸದೊಂದನ್ನು ಮಾಡಿ ನೋಡುವ ಆಸೆ ನನಗೆ ಮೊದಲಿನಿಂದಲೂ ಇದೆ. ಓಟಿಜಿ ಮನೆಗೆ ಬಂದ ಮೇಲೆ ಅದು ಇನ್ನೂ ಹೆಚ್ಚಾಯಿತು. ಫೊಕಾಚಾ ಮಾಡಿದೆ, ಬ್ರಿಯೋಶ್ ಮಾಡಿದೆ, ದಾಲ್ಚಿನ್ನಿ ಸುರುಳಿ ಮಾಡಿದೆ. ಚಬಾಟಾ ಎಂಬ ಬ್ರೆಡ್ ಇಟಲಿಯ ಹಳೆಯ ಕಾಲದ್ದು ಎಂದುಕೊಂಡಿದ್ದೆ. ಅದನ್ನು 1982ರಲ್ಲಿ ವೆನೆಟೊ ಪ್ರದೇಶದ ಆಡ್ರಿಯಾ ಊರಿನ ಆರ್ನಾಲ್ಡೊ ಕವಲ್ಲಾರಿ ಎಂಬವರು, ಫ್ರಾನ್ಸಿನ ಬಗೆತ್‌ಗೆ ಎದುರಾಗಿ ನಿಲ್ಲಲಿ ಎಂದು ರೂಪಿಸಿದರಂತೆ. ಅದನ್ನು ಓದಿದಾಗ ನನಗೆ ದೊಡ್ಡ ಧೈರ್ಯ ಬಂತು. ನನ್ನ ಬಾಲ್ಯದಲ್ಲಿ ಹುಟ್ಟಿದ ಬ್ರೆಡ್ ಇಷ್ಟು ಬೇಗ ಜಗತ್ತಿಗೆಲ್ಲ ಗೊತ್ತಾಗಿದೆ ಎಂದ ಮೇಲೆ ಹೊಸ ಬ್ರೆಡ್ ಹುಟ್ಟುವ ಕಾಲ ಇನ್ನೂ ಮುಗಿದಿಲ್ಲ. ಹಸಿಮೆಣಸಿನಕಾಯಿ, ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿದ ಖಾರಾ ಬನ್ ಕೈಗೆ ಹತ್ತಿದ ಮೇಲಂತೂ ಓಣಿಯವರು ಕೇಳಿ ಒಯ್ಯಲು ಶುರು ಮಾಡಿದರು. ಹೀಗೆ ಶನಿವಾರಕ್ಕೊಮ್ಮೆ ಒಂದಿಷ್ಟು ಬೇಯಿಸಿ ಮಾರುವ ರೂಢಿ ಬಿತ್ತು.

ಇದೆಲ್ಲ ಮೈದಾದ ಕೆಲಸ. ಮೈದಾ ಮಾತು ಕೇಳುವ ಹಿಟ್ಟು. ಒಂದು ಪ್ಯಾಕೆಟ್ಟಿಗೂ ಇನ್ನೊಂದಕ್ಕೂ ಹೆಚ್ಚು ಅಂತರ ಇರುವುದಿಲ್ಲ. ಪುಸ್ತಕದಲ್ಲಿ ಬರೆದಷ್ಟು ನೀರು, ಬರೆದಷ್ಟು ಈಸ್ಟ್, ನೂರು ಗ್ರಾಂ ಹಿಟ್ಟಿಗೆ ಎರಡು ಗ್ರಾಂ ಉಪ್ಪು ಹಾಕಿದರೆ ಬರೆದಷ್ಟೇ ಉಬ್ಬುತ್ತದೆ. ಬಹಳ ದಿನ ಅದನ್ನು ನನ್ನ ಕೈಗುಣ ಎಂದು ನಂಬಿದ್ದೆ.

ನನ್ನ ತವರು ಮುಧೋಳದ ಹತ್ತಿರ. ಅಲ್ಲೆಲ್ಲ ಕಬ್ಬೇ ಕಬ್ಬು. ಆದರೂ ನಮ್ಮಣ್ಣ ಮನೆಮಟ್ಟಿಗೆ ಅಂತ ಹೊಲದ ಒಂದು ಮೂಲೆಯಲ್ಲಿ ಜವೆ ಗೋಧಿ ಹಾಕುವುದನ್ನು ಬಿಟ್ಟಿಲ್ಲ. ಉದ್ದ ಕಾಳು, ಕೆಂಪು ಬಣ್ಣ. ಒಕ್ಕಿದರೂ ಹೊಟ್ಟು ಬಿಡುವುದಿಲ್ಲ, ಕುಟ್ಟಿಯೇ ಬಿಡಿಸಬೇಕು. ನಮ್ಮವ್ವ ಇದ್ದಾಗ ಒನಕೆಯಲ್ಲಿ ಕುಟ್ಟುತ್ತಿದ್ದಳು, ಈಗ ಯಂತ್ರಕ್ಕೆ ಹಾಕಿಸುತ್ತಾರೆ. ಇದರ ಹುಗ್ಗಿ, ಇದರ ಮಾದಲಿ, ಇದರ ಶಾವಿಗೆ ತಿಂದು ಬೆಳೆದವಳು ನಾನು. ಉಳಿದ ಕಡೆ ಇದನ್ನು ಖಪಲಿ ಎನ್ನುತ್ತಾರೆ. ಈಚೆಗೆ ಪೇಟೆಯಲ್ಲಿ ಆ ಹೆಸರಿನ ಹಿಟ್ಟಿಗೆ ಮಾಮೂಲಿ ಗೋಧಿ ಹಿಟ್ಟಿನ ಎರಡು ಮೂರು ಪಟ್ಟು ದರ ನೋಡಿದಾಗ ನನಗೊಂದು ಯೋಚನೆ ಬಂತು. ತವರಿನ ಗೋಧಿ, ಮನೆಯ ಒಲೆ, ಹುಳಿ ಹಿಟ್ಟಿನಿಂದ ಹುದುಗಿಸಿದ ಬ್ರೆಡ್. ಇಂಥದು ಇಡೀ ಧಾರವಾಡದಲ್ಲಿ ಯಾರಲ್ಲೂ ಇರಲಾರದು ಎನ್ನಿಸಿತು. ಅಣ್ಣನಿಗೆ ಫೋನ್ ಮಾಡಿದೆ. ಸುಗ್ಗಿ ಮುಗಿದಿತ್ತು. ಐವತ್ತು ಕೆಜಿಯ ಚೀಲವನ್ನು ತಾನೇ ಬಸ್ಸಿಗೆ ಹಾಕಿಕೊಂಡು ಬಂದ.

ಇಲ್ಲಿ ನಾನು ಮಾಡಿದ ಮೊದಲ ಕೆಲಸವೇ ಸರಿಯಲ್ಲ. ಒಂದು ಬ್ರೆಡ್ ಕೂಡ ಬೇಯಿಸಿ ನೋಡುವ ಮೊದಲೇ ಓಣಿಯವರಿಗೆಲ್ಲ ಹೇಳಿಬಿಟ್ಟೆ. ನಮ್ಮ ಹೊಲದ ಜವೆ ಗೋಧಿ, ಮೈದಾದ ಸೋಂಕೂ ಇಲ್ಲ, ಅಂಗಡಿಯ ಕಂದು ಬ್ರೆಡ್ಡಿನ ಹಾಗೆ ಕ್ಯಾರಮೆಲ್ ಬಣ್ಣ ಹಾಕಿದ್ದಲ್ಲ ಎಂದೆಲ್ಲ ವಿವರಿಸಿದೆ. ಹತ್ತು ಹನ್ನೆರಡು ಮನೆಯವರು ಹೆಸರು ಬರೆಸಿ, ಕೆಲವರು ತಿಂಗಳಿನ ಹಣ ಮುಂಗಡವಾಗಿಯೇ ಕೊಟ್ಟರು. ಎದುರು ಮನೆಯ ನಿವೃತ್ತ ಮಾಸ್ತರರು ಎಲ್ಲರಿಗಿಂತ ಮೊದಲು ಕೊಟ್ಟವರು. ಅವರಿಗೆ ಸಕ್ಕರೆ ಕಾಯಿಲೆ. "ಮುಂಜಾನೆ ಚಹಾದ ಕೂಡ ಏನರ ಬೇಕಾಗತದ ತಂಗಿ. ನಿನ್ನ ಬ್ರೆಡ್ ಆದ್ರ ಅಂಜಿಕಿ ಇಲ್ಲ" ಎಂದರು.

ಮೊದಲ ಬ್ರೆಡ್ ಏಳಲೇ ಇಲ್ಲ. ಗಿರಣಿಯಿಂದ ಬಿಸಿಬಿಸಿ ತಂದ ಹಿಟ್ಟನ್ನು ಆರಿಸಿ, ಸೋಸಿ, ಮೈದಾಕ್ಕೆ ನಾದಿದ ಹಾಗೆಯೇ ಬಹಳ ಹೊತ್ತು ನಾದಿದೆ. ನಾದಿದಷ್ಟೂ ಅಂಟಾಯಿತು. ಎಳೆದರೆ ಎಳೆದ ಕಡೆ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಹೇಳಿದಂತೆ ರಾತ್ರಿಯಿಡೀ ಹುದುಗಲು ಬಿಟ್ಟೆ. ಆ ಪುಸ್ತಕ ಬರೆದವರ ಊರಿನ ರಾತ್ರಿಯೇ ಬೇರೆ, ನಮ್ಮ ಊರಿನ ಬೇಸಿಗೆಯ ರಾತ್ರಿಯೇ ಬೇರೆ. ಬೆಳಿಗ್ಗೆ ಪರಾತದಲ್ಲಿ ಹುಳಿ ವಾಸನೆಯ ಗಟ್ಟಿ ಗಂಜಿ ಇತ್ತು. ಗುಂಡಗೆ ಮಾಡಿ ಇಟ್ಟರೆ ಕಣ್ಣೆದುರೇ ಹರಡಿ ಚಪ್ಪಟೆಯಾಯಿತು. 230 ಡಿಗ್ರಿಯಲ್ಲಿ ಬೇಯಿಸಿ ತೆಗೆದಾಗ ಅದು ಎರಡು ಬೆರಳು ದಪ್ಪದ ಹಲಗೆ, ಕೊಯ್ದರೆ ಒಳಗೆ ಹಸಿ ಅಂಟು.

ಮತ್ತೆ ಮಾಡಿದೆ. ನೀರು ಕಡಿಮೆ ಮಾಡಿದೆ, ಹುಳಿ ಹಿಟ್ಟು ಕಡಿಮೆ ಮಾಡಿದೆ, ಈಸ್ಟ್ ಹಾಕಿದೆ. ಶನಿವಾರ ಹತ್ತಿರ ಬರುತ್ತಿತ್ತು. ಹಣ ತೆಗೆದುಕೊಂಡಾಗಿತ್ತು. ಶುಕ್ರವಾರ ರಾತ್ರಿ ಹಿಟ್ಟು ಕಲಸುವಾಗ, ಸ್ವಲ್ಪ ಮೈದಾ ಸೇರಿಸಿದರೆ ಎದ್ದು ನಿಲ್ಲಬಹುದು ಎಂದುಕೊಂಡು ಕಾಲುಭಾಗ ಸೇರಿಸಿದೆ. ಸ್ವಲ್ಪ ಎದ್ದಿತು. ಮುಂದಿನ ವಾರ ಅರ್ಧಕ್ಕರ್ಧ ಮಾಡಿದೆ. ಇನ್ನೂ ಚೆನ್ನಾಗಿ ಎದ್ದಿತು, ಮೇಲ್ಮೈ ಬಿರಿದು ಚೆಂದ ಕಂಡಿತು. ಫೋಟೋ ತೆಗೆದು ನಾದಿನಿಗೆ ಕಳಿಸಿದೆ, ಅವಳು ಹತ್ತು ಮಂದಿಗೆ ಕಳಿಸಿದಳು. ಆ ಫೋಟೋದ ಎತ್ತರಕ್ಕಿಂತ ಕೆಳಗೆ ಇಳಿಯಲು ನನಗೆ ಆಗಲಿಲ್ಲ. ಕೊನೆಕೊನೆಗೆ ನೂರು ಗ್ರಾಂ ಹಿಟ್ಟಿನಲ್ಲಿ ಎಂಬತ್ತು ಗ್ರಾಂ ಮೈದಾ, ಇಪ್ಪತ್ತು ಗ್ರಾಂ ಜವೆ ಗೋಧಿ. ಕೆಂಪು ಛಾಯೆಗೆ ಅಷ್ಟು ಸಾಕಾಗುತ್ತಿತ್ತು.

ಸುಳ್ಳು ಯಾವ ವಾರ ಶುರುವಾಯಿತು ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲ ಕಾಲುಭಾಗದಲ್ಲೇ ಇತ್ತೇ, ಅರ್ಧ ದಾಟಿದಾಗ ಬಂತೇ? ಪ್ರತಿ ವಾರವೂ ನನ್ನ ಹತ್ತಿರ ಒಂದು ಸಮಾಧಾನ ತಯಾರಿರುತ್ತಿತ್ತು. ಜವೆ ಗೋಧಿ ಇದೆಯಲ್ಲ, ಇಲ್ಲವೇ ಇಲ್ಲ ಅಂತ ಅಲ್ಲವಲ್ಲ. ಮುಂದಿನ ವಾರ ಸರಿ ಮಾಡುತ್ತೇನೆ. ಚೀಟಿಯ ಮೇಲೆ "ಜವೆ ಗೋಧಿ ಬ್ರೆಡ್" ಎಂದಷ್ಟೇ ಬರೆಯುತ್ತಿದ್ದೆ, ಒಳಗೆ ಏನೇನಿದೆ ಎಂದು ಬರೆಯುತ್ತಿರಲಿಲ್ಲ. ಮಾರುವ ತಿನಿಸಿನ ಚೀಟಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅಂದರೆ ಹೆಚ್ಚು ಇರುವುದು ಮೊದಲು ಬರಬೇಕು ಎಂಬ ನಿಯಮ ನನಗೆ ಗೊತ್ತಿತ್ತು. ಅಂಗಡಿಯ ಬ್ರೆಡ್ ಪೊಟ್ಟಣ ತಿರುಗಿಸಿ, "ನೋಡ್ರಿ, ಮೊದಲ ಹೆಸರು ಮೈದಾ" ಎಂದು ಬೇರೆಯವರಿಗೆ ತೋರಿಸಿದವಳೇ ನಾನು. ನನ್ನ ಚೀಟಿ ಬರೆದಿದ್ದರೆ ಅದರಲ್ಲೂ ಮೊದಲ ಹೆಸರು ಅದೇ ಆಗುತ್ತಿತ್ತು. ಗೊತ್ತಿದ್ದೇ ಬರೆಯಲಿಲ್ಲ.

ಒಬ್ಬ ತಾಯಿ ಮಗಳಿಗಾಗಿ ಒಯ್ಯುತ್ತ, "ಇದರಾಗ ಗ್ಲುಟೆನ್ ಇರಂಗಿಲ್ಲಲ್ರೀ?" ಎಂದು ಕೇಳಿದಾಗ "ಕಡಿಮಿ ಇರತೈತ್ರಿ" ಎಂದುಬಿಟ್ಟೆ. ಎಲ್ಲೋ ಯಾರೋ ಹಾಗೆ ಹೇಳಿದ್ದು ಕಿವಿಗೆ ಬಿದ್ದಿತ್ತು, ಅಷ್ಟೇ. ಜವೆ ಗೋಧಿಯೂ ಗೋಧಿಯೇ, ಅದರಲ್ಲಿ ಗ್ಲುಟೆನ್ ಇದ್ದೇ ಇದೆ. ಸೀಲಿಯಾಕ್ ಕಾಯಿಲೆ ಇರುವವರು ಇದರ ಒಂದು ತುಣುಕನ್ನೂ ತಿನ್ನಬಾರದು. ಆ ಹುಡುಗಿಗೆ ಅಂಥ ತೊಂದರೆ ಏನೂ ಇರಲಿಲ್ಲ, ಸುಮ್ಮನೆ ಕೇಳಿದ್ದರು ಎಂದು ಆಮೇಲೆ ತಿಳಿಯಿತು. ಇದ್ದಿದ್ದರೆ ಎಂದು ನೆನೆದಾಗ ಈಗಲೂ ಎದೆ ಝಲ್ಲೆನ್ನುತ್ತದೆ.

ಮೇ ಕೊನೆಯಲ್ಲಿ ಮದುವೆಯೊಂದಕ್ಕೆ ಅಣ್ಣ ಧಾರವಾಡಕ್ಕೆ ಬಂದ. ನನಗೆ ಗೊತ್ತಿಲ್ಲದೆ ಊರಲ್ಲೆಲ್ಲ ಹೇಳಿಕೊಂಡಿದ್ದನಂತೆ, ನಮ್ಮ ಜವೆ ಗೋಧಿ ಧಾರವಾಡದಾಗ ಬ್ರೆಡ್ ಆಗಾಕತ್ತೈತಿ ಅಂತ. ಪಕ್ಕದ ಹೊಲದವರೂ ತಮ್ಮದನ್ನು ನಿನ್ನ ತಂಗಿ ತಗೋತಾಳೇನು ಎಂದು ಕೇಳಿದ್ದರಂತೆ. ಕೂಳೆ ಕಬ್ಬು ಕಿತ್ತ ಒಂದು ಎಕರೆಯನ್ನು ಖಾಲಿ ಇಟ್ಟು ಈ ಸಲ ಹಿಂಗಾರಿಗೆ ಜವೆ ಗೋಧಿಯನ್ನೇ ಹಾಕಬೇಕು ಎಂಬ ಲೆಕ್ಕದಲ್ಲಿದ್ದ. ಎಷ್ಟು ಚೀಲ ಬೇಕು ಎಂದು ಕೇಳಲಿಕ್ಕೇ ಬಂದಿದ್ದ.

ಚಹಾ ಕುಡಿದು, ಕೈ ತೊಳೆಯಲು ಹಿತ್ತಲ ಕಡೆ ಹೋದವನು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟ. ಅಲ್ಲಿ ಅವನು ತಂದಿದ್ದ ಚೀಲ ಇತ್ತು. ಅದರ ಪಕ್ಕದಲ್ಲೇ ಅರ್ಧ ಖಾಲಿಯಾದ ಮೈದಾ ಚೀಲ.

"ತಂಗೀ, ಒಂದ ಬ್ರೆಡ್ಡಿಗೆ ಎಷ್ಟು ಹಿಟ್ಟು ಹಿಡೀತೈತಿ?"

"ಅರ್ಧ ಕೆಜಿ ಹತ್ರ ಹಿಡೀತೈತಿ ಅಣ್ಣಾ."

ಅವನು ಚೀಲದ ಬಾಯಿ ಬಿಚ್ಚಿ ಕೈ ಹಾಕಿ ನೋಡಿದ. ಹೊಲದ ಲೆಕ್ಕ, ಕಾರ್ಖಾನೆಗೆ ಹೋದ ಕಬ್ಬಿನ ಲೆಕ್ಕ ಎಲ್ಲವನ್ನೂ ಬಾಯಿಯಲ್ಲೇ ಮಾಡುವವನು. ವಾರಕ್ಕೆ ಎಷ್ಟು ಬ್ರೆಡ್ ಹೋಗುತ್ತವೆ ಎಂದು ಫೋನಿನಲ್ಲಿ ನಾನೇ ಹೆಮ್ಮೆಯಿಂದ ಹೇಳಿದ್ದೆ. ಎರಡು ತಿಂಗಳಿಗೆ ಈ ಚೀಲ ಮುಗಿದು ಇನ್ನೊಂದು ಬೇಕಾಗಬೇಕಿತ್ತು.

"ಮತ್ತ ಚೀಲ ಹಂಗ ಐತಲ್ಲ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ನಾನು ಉತ್ತರ ಕೊಡದೆ ನಿಂತಿದ್ದನ್ನು ನೋಡಿ ಅವನ ಕಣ್ಣು ಮೈದಾ ಚೀಲದ ಕಡೆ ಹೋಯಿತು. ಆಮೇಲೆ ಅವನೇನೂ ಕೇಳಲಿಲ್ಲ. ಚೀಲದ ಬಾಯಿಯನ್ನು ಮೊದಲಿದ್ದ ಹಾಗೆಯೇ ಕಟ್ಟಿದ, ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಂಡ.

ಬೈದಿದ್ದರೆ ಹಗುರಾಗುತ್ತಿತ್ತು. ಅವನು ಮದುವೆಯ ಸುದ್ದಿ ಮಾತಾಡಿದ, ಮಗನ ಓದು ಕೇಳಿದ. ಹೊರಡುವಾಗ ಮಾತ್ರ, "ಒಂದ ಎಕರೆ ಬಿಡೂದು ಬ್ಯಾಡ ಹಂಗಾರ" ಎಂದ. ನಾನು ತಲೆ ಅಲ್ಲಾಡಿಸಿದೆ. ಊರಲ್ಲಿ ಅವನು ಏನು ಹೇಳಿಕೊಂಡನೋ, ಪಕ್ಕದ ಹೊಲದವರಿಗೆ ಏನು ಉತ್ತರ ಕೊಟ್ಟನೋ ನಾನು ಕೇಳಿಲ್ಲ. ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದು ಆ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದೆ.

ಮರುದಿನ ಮನೆಮನೆಗೆ ಹೋದೆ. ಕೆಲವರು ನಕ್ಕು, "ರುಚಿ ಅಂತೂ ಛಲೋ ಇತ್ತು ಬಿಡ್ರಿ" ಎಂದರು. ಒಬ್ಬರು ಬಾಗಿಲು ಹಾಕಿಕೊಂಡರು. ಹೆಚ್ಚು ಕಷ್ಟವಾಗಿದ್ದು ಎದುರು ಮನೆ. ಮಾಸ್ತರರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ಎಷ್ಟು ಮೈದಾ ಎಂದು ಕೇಳಿದರು. ನೂರಕ್ಕೆ ಎಂಬತ್ತು ಎಂದೆ. ಎದ್ದು ಒಳಗೆ ಹೋಗಿ ತಮ್ಮ ರಕ್ತಪರೀಕ್ಷೆಯ ಹಾಳೆ ತಂದು ತೋರಿಸಿದರು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಪರೀಕ್ಷೆ ಅದು, ಹಿಂದಿನದಕ್ಕಿಂತ ಏರಿತ್ತು.

"ಹಣ್ಣಿನಿಂದ ಆಗಿರಬೇಕು ಅಂತ ಆಪೂಸ್ ಬಿಟ್ಟೆ ತಂಗಿ. ದಿನಾ ಅರ್ಧ ಹಣ್ಣು ತಿಂತಿದ್ದೆ, ಅದನ್ನೂ ಬಿಟ್ಟೆ. ಬ್ರೆಡ್ ಬಿಡಲಿಲ್ಲ."

ಧಾರವಾಡದವರಿಗೆ ಆಪೂಸ್ ಬಿಡುವುದು ಎಂದರೆ ಏನು ಎಂದು ಧಾರವಾಡದವರಿಗೇ ಗೊತ್ತು. ವರ್ಷಕ್ಕೆ ಎರಡು ತಿಂಗಳ ಹಣ್ಣು. ಆ ಏರಿಕೆಗೆ ನನ್ನ ಬ್ರೆಡ್ಡೇ ಕಾರಣ ಎಂದು ಯಾವ ವೈದ್ಯರೂ ಹೇಳಲಾರರು. ಅವರ ವಯಸ್ಸು, ನಡಿಗೆ, ಔಷಧಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬರಿಯ ಜವೆ ಗೋಧಿಯಲ್ಲೇ ಮಾಡಿದ್ದರೂ ಬ್ರೆಡ್ ಬ್ರೆಡ್ಡೇ, ಅದರಲ್ಲೂ ಪಿಷ್ಟ ಇದ್ದೇ ಇರುತ್ತದೆ, ಅಳತೆ ಮೀರಿದರೆ ಸಕ್ಕರೆ ಏರುತ್ತದೆ. ಇದನ್ನೂ ನಾನು ಅವರಿಗೆ ಹೇಳಿರಲಿಲ್ಲ. ಅಂಜಿಕೆ ಇಲ್ಲ ಎಂದು ಅವರು ಅಂದಾಗ ಸುಮ್ಮನಿದ್ದೆ. ನನ್ನ ಹೆಸರಿನ ಮೇಲೆ ಅವರು ತಪ್ಪು ಜಾಗದಲ್ಲಿ ಎಚ್ಚರ ವಹಿಸಿದರು. ತಿನ್ನಬಹುದಾದ ಅರ್ಧ ಹಣ್ಣನ್ನು ಬಿಟ್ಟರು, ಅಳೆದು ತಿನ್ನಬೇಕಾದದ್ದನ್ನು ನಂಬಿ ತಿಂದರು.

ಅವರು ಕೊಟ್ಟಿದ್ದ ಹಣವನ್ನು ಲಕೋಟೆಯಲ್ಲಿ ಇಟ್ಟು ಮುಂದೆ ಹಿಡಿದೆ. ಇರಲಿ ಬಿಡು ಎನ್ನಬಹುದು ಎಂದು ಮನಸ್ಸಿನ ಮೂಲೆಯಲ್ಲಿ ಆಸೆ ಇತ್ತು. ಅವರು ತೆಗೆದುಕೊಂಡರು. ಬಾಗಿಲವರೆಗೆ ಬಂದು, "ಹೇಳಿದಿ, ಅದ ಛಲೋ ಆತು" ಎಂದಷ್ಟೇ ಹೇಳಿದರು. ಈಗಲೂ ಎದುರು ಸಿಕ್ಕರೆ ಮಾತಾಡಿಸುತ್ತಾರೆ. ನನ್ನಲ್ಲಿ ಬ್ರೆಡ್ ಮಾತ್ರ ಕೊಳ್ಳುವುದಿಲ್ಲ.

ಹಣದ ಆಸೆಗೆ ಹೀಗೆ ಮಾಡಿದೆ ಎಂದು ನನಗೆ ಅನ್ನಿಸುವುದಿಲ್ಲ. ಉಳಿತಾಯ ಏನೂ ದೊಡ್ಡದಿರಲಿಲ್ಲ. ಬಹಳ ಯೋಚಿಸಿದ ಮೇಲೆ ಕಂಡದ್ದು ಇಷ್ಟು: ಬ್ರೆಡ್ ಏಳಲಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವುದು ನನ್ನಿಂದ ಆಗಲಿಲ್ಲ. ಕ್ರೊಸಾಂ ಕೆಟ್ಟಾಗ ಮನೆಯವರಷ್ಟೇ ನೋಡಿದ್ದರು, ತಿಂದು ಮರೆತರು. ಇಲ್ಲಿ ನಾನು ಮೊದಲೇ ಹೊಗಳಿಕೆ ತೆಗೆದುಕೊಂಡಿದ್ದೆ. ಚಪ್ಪಟೆ ಬ್ರೆಡ್ಡನ್ನು ಹಾಗೆಯೇ ಒಯ್ದು, ಈ ಹಿಟ್ಟು ಹೀಗೇ ಬರುತ್ತದೆ, ಇನ್ನೂ ಕಲಿಯುತ್ತಿದ್ದೇನೆ ಎಂದಿದ್ದರೆ ಆ ಹತ್ತು ಮನೆಯಲ್ಲಿ ಆರು ಮನೆಯವರಾದರೂ ತಿನ್ನುತ್ತಿದ್ದರು. ಇದೇ ಗೋಧಿಯ ದಪ್ಪ ಹುಗ್ಗಿ ತಿಂದು ಬೆಳೆದ ಜನ ಅವರು. ಎತ್ತರದ ಬ್ರೆಡ್ಡೇ ಬೇಕು ಎಂದು ಅವರಲ್ಲಿ ಯಾರೂ ಕೇಳಿರಲೇ ಇಲ್ಲ. ಅದು ಬೇಕಾಗಿದ್ದುದು ನನಗೆ.

ಇನ್ನೊಂದು ವಿಷಯಕ್ಕೂ ನಾಚಿಕೆ ಇದೆ. ಅಷ್ಟು ದಿನ ಆ ಹಿಟ್ಟನ್ನೇ ಬೈಯುತ್ತಿದ್ದೆ. ಈ ಗೋಧಿಯಲ್ಲಿ ಕಸುವಿಲ್ಲ, ಇದು ಹಳ್ಳಿಯ ಅಡುಗೆಗಷ್ಟೇ ಸರಿ ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಯಾಕೆ ಏಳುತ್ತಿಲ್ಲ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕೇಳುವ ಜಾಗ ಮಾತ್ರ ಊರಲ್ಲೇ ಇತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜವೆ ಗೋಧಿಯ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿದೆ. ಡಿಡಿಕೆ 1025, ಡಿಡಿಕೆ 1029 ಮುಂತಾದ ತಳಿಗಳು ಅಲ್ಲಿಂದಲೇ ರೈತರ ಹೊಲಕ್ಕೆ ಹೋದವು. ಆ ಸೆಪ್ಟೆಂಬರಿನ ಕೃಷಿ ಮೇಳಕ್ಕೆ ಹೋಗಿ, ಗೋಧಿಯ ಮಳಿಗೆಯಲ್ಲಿದ್ದ ಯುವ ಸಂಶೋಧಕಿಯ ಹತ್ತಿರ ಬಹಳ ಹೊತ್ತು ನಿಂತು ಮಾತಾಡಿದೆ. ಜನಜಂಗುಳಿಯ ನಡುವೆಯೂ ಆಕೆ ಸಾವಧಾನವಾಗಿ ತಿಳಿಸಿದಳು. ಆಮೇಲೆ ಮನೆಗೆ ಬಂದು ನಾನೂ ಒಂದಿಷ್ಟು ಓದಿಕೊಂಡೆ.

ಬ್ರೆಡ್ಡಿಗೆ ಬಳಸುವ ಮಾಮೂಲಿ ಗೋಧಿಯಲ್ಲಿ 42 ಕ್ರೋಮೋಸೋಮುಗಳಿವೆ, ಜವೆ ಗೋಧಿಯಲ್ಲಿ 28. ಜವೆ ಗೋಧಿ ತುಂಬಾ ಹಳೆಯದು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಮೊದಮೊದಲು ಬೆಳೆದ ಧಾನ್ಯಗಳಲ್ಲಿ ಇದೂ ಒಂದು. ಅದು ಮುಂದೆ ಕ್ಯಾಸ್ಪಿಯನ್ ಸಮುದ್ರದ ಕಡೆ ಒಂದು ಕಾಡುಹುಲ್ಲಿನೊಡನೆ ತಾನಾಗಿ ಕೂಡಿ ಮಾಮೂಲಿ ಗೋಧಿ ಹುಟ್ಟಿತು. ಉಳಿದ 14 ಕ್ರೋಮೋಸೋಮು ಆ ಹುಲ್ಲಿನದು. ನಾದಿದ ಹಿಟ್ಟನ್ನು ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುವ, ಗಾಳಿಯನ್ನು ಹಿಡಿದಿಟ್ಟು ಬ್ರೆಡ್ ನಿಲ್ಲಿಸುವ ಕಸುವಿನಲ್ಲಿ ಬಹಳಷ್ಟು ಬಂದದ್ದು ಆ ಹುಲ್ಲಿನ ಪಾಲಿನಿಂದ. ಜವೆ ಗೋಧಿಯಲ್ಲಿ ಪ್ರೋಟೀನಿಗೆ ಕೊರತೆಯಿಲ್ಲ. ಅದು ಎಳೆದರೆ ಹಿಗ್ಗುತ್ತದೆ, ಹಿಂದಕ್ಕೆ ಪುಟಿಯುವುದಿಲ್ಲ. ನಾನು ಬಹಳ ಹೊತ್ತು ನಾದಿ, ಬೇಸಿಗೆಯ ರಾತ್ರಿಯೆಲ್ಲ ಹುಳಿಯಲ್ಲಿ ಬಿಟ್ಟು, ಇದ್ದ ಅಷ್ಟಿಷ್ಟು ಬಿಗಿಯನ್ನೂ ಕಳೆದಿದ್ದೆ. ಶಾವಿಗೆ ಎಳೆಯಲು, ಹುಗ್ಗಿಗೆ ಕುದಿಸಲು ನಮ್ಮವ್ವ ಇದನ್ನೇ ಆರಿಸುತ್ತಿದ್ದುದು ಸುಮ್ಮನೆ ಅಲ್ಲ. ಕುದಿಸಿದರೂ ಕಾಳು ಕಾಳಾಗಿ ನಿಲ್ಲುವ ಗೋಧಿ ಇದು.

ಹಾಗೆಂದು ಇದರಲ್ಲಿ ಬ್ರೆಡ್ಡೇ ಆಗದು ಎಂದಲ್ಲ. ಪ್ರಾಚೀನ ಈಜಿಪ್ಟಿನವರು ಸಾವಿರಾರು ವರ್ಷ ಬ್ರೆಡ್ ಮಾಡಿದ್ದು ಈ ಜಾತಿಯ ಗೋಧಿಯಲ್ಲೇ. ಪಿರಮಿಡ್ಡು ಕಟ್ಟಿದ ಕಾಲದ ಅವರ ಬೇಕರಿಗಳಲ್ಲಿ ದಪ್ಪ ಮಣ್ಣಿನ ಅಚ್ಚುಗಳು ಸಿಕ್ಕಿವೆ. ಹಿಟ್ಟನ್ನು ಅಚ್ಚಿಗೆ ಸುರಿದು ಬೇಯಿಸುತ್ತಿದ್ದರು. ಅದನ್ನು ಓದಿದ ದಿನ ನಾನು ಗುಂಡನೆಯ ಬ್ರೆಡ್ಡಿನ ಆಸೆ ಬಿಟ್ಟು ತಗಡಿನ ಅಚ್ಚು ತೆಗೆದೆ. ಈಗ ನಾದುವುದೇ ಇಲ್ಲ ಎನ್ನಬೇಕು. ಎಲ್ಲ ಕೂಡುವಷ್ಟು ಕಲಸಿ, ಎಣ್ಣೆ ಸವರಿದ ಅಚ್ಚಿಗೆ ಹಾಕಿ, ಒದ್ದೆ ಕೈಯಿಂದ ಮೇಲೆ ಸಾಪು ಮಾಡುತ್ತೇನೆ. ಹುಳಿ ಹಿಟ್ಟು ರುಚಿಗಷ್ಟೇ, ಉಬ್ಬಲು ಚೂರು ಈಸ್ಟ್. ಬೇಸಿಗೆಯಾದರೆ ತಣ್ಣೀರು. ಹಿಟ್ಟು ದುಪ್ಪಟ್ಟಾಗುವವರೆಗೆ ಕಾಯುವುದಿಲ್ಲ, ಅರ್ಧದಷ್ಟು ಏರಿದೊಡನೆ ಒಲೆಗೆ. ಕಡ್ಡಿ ಚುಚ್ಚಿ ನೋಡಿದರೆ ಇದರಲ್ಲಿ ಮೋಸ ಹೋಗುತ್ತೇವೆ, ಅದಕ್ಕೇ ಒಳಗಿನ ಶಾಖ ಅಳೆದು 96 ಡಿಗ್ರಿ ಮುಟ್ಟಿದ ಮೇಲೆ ತೆಗೆಯುತ್ತೇನೆ. ಮರುದಿನದವರೆಗೆ ಕೊಯ್ಯಬಾರದು. ಬಿಸಿಯಲ್ಲಿ ಕೊಯ್ದರೆ ಒಳಗೆ ಅಂಟಂಟು, ಮರುದಿನಕ್ಕೆ ಹದವಾಗಿ ಕೂರುತ್ತದೆ. ಬ್ರೆಡ್ ಗಿಡ್ಡ, ತೂಕ ಜಾಸ್ತಿ. ಹುರಿದ ಗೋಧಿಯ ಘಮ, ಕೊನೆಗೆ ಸಣ್ಣ ಸಿಹಿ. ತುಪ್ಪ ಸವರಿ ಹೆಂಚಿನ ಮೇಲೆ ಬಿಸಿ ಮಾಡಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ ತಿಂದರೆ ನನಗೆ ಬೇರೇನೂ ಬೇಡ.

ಬಿಸ್ಕತ್ತಿನಲ್ಲಿ ಈ ಹಿಟ್ಟು ನನ್ನನ್ನು ಬೆರಗಾಗಿಸಿತು. ನಾನಖಟಾಯಿಗೆ, ಟಾರ್ಟಿನ ತಳಕ್ಕೆ ಬಿಗಿ ಹಿಡಿಯದ ಹಿಟ್ಟೇ ಬೇಕು. ಬ್ರೆಡ್ಡಿನಲ್ಲಿ ಯಾವುದನ್ನು ದೋಷ ಎಂದು ಬೈದೆನೋ ಇಲ್ಲಿ ಅದೇ ಗುಣ. ಬೆಲ್ಲದ ಪುಡಿ, ತುಪ್ಪ, ಏಲಕ್ಕಿ ಹಾಕಿದ ಜವೆ ಗೋಧಿಯ ನಾನಖಟಾಯಿ ಬಾಯಲ್ಲಿಟ್ಟರೆ ಮರಳಾಗಿ ಉದುರುತ್ತದೆ. ಆಪೂಸ್ ಹೋಳು ಇಟ್ಟ ಟಾರ್ಟ್ ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ, ಹಣ್ಣಿನ ನೀರಿಗೆ ತಳ ಮೆತ್ತಗಾಗುತ್ತಿದೆ. ತಳವನ್ನು ಮೊದಲೇ ಬರಿದಾಗಿ ಬೇಯಿಸಿ ನೋಡಬೇಕು.

ಚೀಟಿ ಈಗ ದೊಡ್ಡದಾಗಿದೆ. ಜವೆ ಗೋಧಿ ಹಿಟ್ಟು, ನೀರು, ಹುಳಿ ಹಿಟ್ಟು, ಎಣ್ಣೆ, ಉಪ್ಪು, ಈಸ್ಟ್. ಕೆಳಗೆ, ಇದರಲ್ಲಿ ಗ್ಲುಟೆನ್ ಇದೆ ಎಂಬ ಸಾಲು. ಸಕ್ಕರೆ ಕಾಯಿಲೆಯವರು ಕೇಳಿದರೆ ವೈದ್ಯರ ಹತ್ತಿರ ಮಾತಾಡಿ ಅಳತೆ ಇಟ್ಟು ತಿನ್ನಿ ಎನ್ನುತ್ತೇನೆ. ಮೈದಾ ಬ್ರೆಡ್ಡೂ ಮಾಡುತ್ತೇನೆ, ಅದರ ಮೇಲೆ ಮೈದಾ ಬ್ರೆಡ್ ಎಂದೇ ಬರೆದಿರುತ್ತದೆ. ಅದೇ ಹೆಚ್ಚು ಹೋಗುತ್ತದೆ. ಮಕ್ಕಳಿರುವ ಮನೆಯವರು ಕೇಳಿ ಒಯ್ಯುತ್ತಾರೆ. ಯಾರಿಗೂ ಬೇಜಾರಿಲ್ಲ, ನನಗೂ ಇಲ್ಲ. ಜವೆ ಗೋಧಿಯದನ್ನು ಒಯ್ಯುವವರು ಕಡಿಮೆ. ಬೆಲೆ ಕೇಳಿ, ಎತ್ತರ ನೋಡಿ, ಕೈಯಲ್ಲಿ ತೂಗಿ ನೋಡಿ ಇಟ್ಟು ಹೋಗುವವರೂ ಇದ್ದಾರೆ. ಅವರಿಗೆ ಒಂದು ತುಂಡು ಕೊಯ್ದು ಕೊಡುತ್ತೇನೆ, ಗಿಡ್ಡ ಯಾಕೆ ಎಂದು ಹೇಳುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ.

ದಸರೆಯ ನಂತರ ಬಿತ್ತನೆಯ ಹೊತ್ತಿಗೆ ಅಣ್ಣನ ಫೋನ್ ಬಂತು. ಮೇ ತಿಂಗಳ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಎಕರೆ ಕಬ್ಬಿಗೇ ಹೋಗಿದೆ, ಮೂಲೆಯ ತುಂಡಿನಲ್ಲಿ ಎಂದಿನಂತೆ ಜವೆ ಗೋಧಿ ಹಾಕುತ್ತೇನೆ ಎಂದ. "ಖರೇ ಎಷ್ಟ ಬೇಕಾಗತೈತಿ, ಅಷ್ಟ ಹೇಳು" ಎಂದ. ಒಂದು ನಿಮಿಷ ತಡಿ ಎಂದು ಹೇಳಿ, ಮಾರಾಟದ ವಹಿ ತೆಗೆದು ಬ್ರೆಡ್ಡಿನ ಲೆಕ್ಕ, ಬಿಸ್ಕತ್ತಿನ ಲೆಕ್ಕ, ಮನೆಯ ಹುಗ್ಗಿಯ ಲೆಕ್ಕ ಮೂರನ್ನೂ ಕೂಡಿಸಿದೆ. ಹಳೆಯ ಚೀಲದಲ್ಲಿ ಉಳಿದದ್ದನ್ನು ಕಳೆದೆ. "ಎಂಬತ್ತು ಕೆಜಿ ಅಣ್ಣಾ. ಅದಕ್ಕಿಂತ ಹೆಚ್ಚು ನನ್ನ ಕಡೆ ಹೋಗಂಗಿಲ್ಲ" ಎಂದೆ. "ಆತು, ಎಂಬತ್ತು" ಎಂದು ಅವನು ಬರೆದುಕೊಂಡ.